ಕೆಂಚಮ್ಮನ ಕೂದಲೆಳೆ

ಚಿಕ್ಕಣ್ಣ ಜನ್ಮದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿಕೊಂಡ. ಅದರ ಫಲವಾಗಿ ನಮ್ಮ ಕೆಸರೆಯ ಬೀದಿಯಲ್ಲಿ ಮೂರು ತಿಂಗಳು ದೀಪ ಹಚ್ಚಿದ ಮೇಲೆ ಅವನ ಮನೆಯ ಮುಂದೆ ಯಾರೂ ಒಂಟಿಯಾಗಿ ಹಾಯಲಿಲ್ಲ. ನಾನು ಅವನ ಪಕ್ಕದ ಮನೆಯವನು, ಆಫೀಸಿನಲ್ಲಿ ಪಕ್ಕದ ಮೇಜಿನವನು, ಹೆಸರು ನಂಜುಂಡಸ್ವಾಮಿ. ನಡೆದದ್ದರಲ್ಲಿ ನನ್ನ ಕೈವಾಡವೂ ಇತ್ತೆಂದು ಜನ ಹೇಳುತ್ತಾರೆ. ಜನಕ್ಕೇನು, ಹೇಳುತ್ತಾರೆ.

ಐವತ್ತೇಳನೆಯ ಇಸವಿಯ ಜೂನ್ ತಿಂಗಳು. ಒಂದು ಸಂಜೆ ನಮ್ಮ ಸಾಹೇಬರಾದ ಸದಾಶಿವಯ್ಯನವರು ಚಿಕ್ಕಣ್ಣನನ್ನು ಒಳಗೆ ಕರೆದರು. ಕಡತ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಮೇಜಿನ ಮೇಲೆ ಪೇಪರಿನ ಪೊಟ್ಟಣ ಬಿಚ್ಚಿತ್ತು. ಅದರಲ್ಲಿ ಎರಡು ಡಜನ್ ಸಿಗಾರು, ಒಂದೊಂದರ ಸೊಂಟಕ್ಕೂ ಚಿನ್ನದ ಬಣ್ಣದ ಕಾಗದದ ಉಂಗುರ. ಕಾಮಗಾರಿ ನೋಡಲು ಬಂದಿದ್ದ ಯಾರೋ ವಿದೇಶೀ ಇಂಜಿನಿಯರು ಕೊಟ್ಟುಹೋದದ್ದಂತೆ.

"ಚಿಕ್ಕಣ್ಣ, ನಿಮಗೆ ಹೊಗೆಸೊಪ್ಪಿನ ವಿಷಯ ಏನಾದರೂ ಗೊತ್ತೇನ್ರೀ?" ಎಂದರು ಸಾಹೇಬರು.

ಗೊತ್ತಿಲ್ಲ ಎಂದಿದ್ದರೆ ಈ ಕಥೆಯೇ ಇಲ್ಲ. ಆದರೆ ಏಳು ವರ್ಷದಿಂದ ಟೆಂಪೊರರಿ ಟೈಪಿಸ್ಟ್ ಆಗಿರುವವನ ಬಾಯಲ್ಲಿ ಸಾಹೇಬರ ಮುಂದೆ 'ಇಲ್ಲ' ಎಂಬ ಮಾತು ಹೊರಡುವುದಿಲ್ಲ. "ಗೊತ್ತಾ ಅಂದ್ರೆ ಸಾರ್? ನಾವು ಹುಣಸೂರು ಕಡೆಯೋರು. ಹೊಗೆಸೊಪ್ಪಲ್ಲೇ ಹುಟ್ಟಿ ಬೆಳೆದೋರು" ಎಂದುಬಿಟ್ಟ. ಅವರ ಹೊಲದಲ್ಲಿ ರಾಗಿಯ ಹೊರತು ಬೇರೇನೂ ಬೆಳೆದದ್ದಿಲ್ಲ. ಅವರ ವಂಶದಲ್ಲಿ ಹೊಗೆಸೊಪ್ಪು ಇದ್ದದ್ದು ಅವನ ತಾಯಿ ಕೆಂಚಮ್ಮನವರ ದವಡೆಯಲ್ಲಿ ಮಾತ್ರ.

ಸಾಹೇಬರು ನನ್ನ ಕೈಯಲ್ಲೇ ಬಾಗಿಲು ಮುಚ್ಚಿಸಿ ದನಿ ತಗ್ಗಿಸಿದರು. "ನಮ್ಮ ಮನೆಯವರಿಗೆ ಸಿಗಾರು ಬಿಟ್ಟೆ ಅಂತ ಮಠದಲ್ಲಿ ಸ್ವಾಮಿಗಳ ಮುಂದೆ ಮಾತು ಕೊಟ್ಟಿದ್ದೀನಿ. ಇವು ನಮ್ಮ ಬಂಗಲೆಯಲ್ಲಿರೋ ಹಾಗಿಲ್ಲ. ನಾನು ಮೂರು ತಿಂಗಳು ಪೂನಾಕ್ಕೆ ತರಬೇತಿಗೆ ಹೋಗ್ತಿದ್ದೀನಿ. ಒಣಗಿದರೆ ಇವು ಸೀಳಿಹೋಗ್ತವೆ, ನೆನೆದರೆ ಬೂಷ್ಟು ಹಿಡೀತವೆ. ನೂರಕ್ಕೆ ಎಪ್ಪತ್ತರಷ್ಟು ತೇವ ಇರಬೇಕು. ಹಾಗಿಟ್ಟರೆ ಕಾಲ ಹೋದಹಾಗೆ ಹಣ್ಣಾಗ್ತವೆ. ಇದಕ್ಕೆ ಅಂತಲೇ ಪೆಟ್ಟಿಗೆ ಬರುತ್ತೆ, ಭಾರೀ ಬೆಲೆ. ನೀವು ಮನೆಯಲ್ಲೇ ಒಂದು ಮಾಡಿಕೊಳ್ಳಿ. ಯಾರಿಗೂ ತಿಳಿಯಬಾರದು." ಆಮೇಲೆ ಡ್ರಾಯರನ್ನು ಮೆಲ್ಲಗೆ ತಟ್ಟಿದರು. "ನಿಮ್ಮ ಕಾಯಂ ಆರ್ಡರು ಇಲ್ಲೇ ಇದೆ. ಬಂದಮೇಲೆ ಸಹಿ ಹಾಕೋಣ."

ಚಿಕ್ಕಣ್ಣನ ಮನೆಯಲ್ಲಿ ಪೆಟ್ಟಿಗೆ ಅಂತ ಇದ್ದದ್ದು ಒಂದೇ. ಕೆಂಚಮ್ಮನವರು ಮದುವೆಯಾಗಿ ಬಂದಾಗ ತಂದದ್ದು, ಹಲಸಿನ ಮರದ್ದು, ಮೊಣಕಾಲೆತ್ತರ. ಅವರು ತೀರಿಕೊಂಡು ವರ್ಷದ ಮೇಲಾಗಿತ್ತು. ಸೀರೆಗಳನ್ನು ತೆಗೆದು, ಸಂದುಗಳಿಗೆಲ್ಲ ಮೇಣದ ಬತ್ತಿ ಕರಗಿಸಿ ತುಂಬಿ, ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆಯಲ್ಲಿ ಒದ್ದೆ ಮರಳಿಟ್ಟ. ಕುಡಿಕೆ ಬೆವರುತ್ತದೆ, ಪೆಟ್ಟಿಗೆ ತಂಪಾಗಿರುತ್ತದೆ. ಖರ್ಚು ಮೇಣದ ಬತ್ತಿಯದು ಮಾತ್ರ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ನೂರಕ್ಕೆ ಎಪ್ಪತ್ತು ಎಂದು ತಿಳಿಯುವುದು ಹೇಗೆ ಎಂದು ಅವನು ನನ್ನನ್ನು ಕೇಳಿದ. ಎಸ್.ಎಸ್.ಎಲ್.ಸಿ.ಯಲ್ಲಿ ಭೌತಶಾಸ್ತ್ರಕ್ಕೆ ಅರವತ್ತೆರಡು ಅಂಕ ತೆಗೆದವನು ನಾನು. ಅದನ್ನು ನಾನಾಗಿ ಎಲ್ಲೂ ಹೇಳಿಕೊಳ್ಳುವುದಿಲ್ಲ. ಹೆಂಗಸರ ಉದ್ದ ಕೂದಲು ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ತುದಿಗೆ ಒಂದು ಪೊರಕೆ ಕಡ್ಡಿಯನ್ನು ಗಡಿಯಾರದ ಮುಳ್ಳಿನ ಹಾಗೆ ಕಟ್ಟಿದರೆ ತೇವ ಹೆಚ್ಚಿದಾಗ ಕಡ್ಡಿ ಇಳಿಯುತ್ತದೆ, ಒಣಗಿದಾಗ ಏಳುತ್ತದೆ. ಕಡ್ಡಿಯ ಹಿಂದೆ ಮೇಲಿನಿಂದ ಕೆಳಕ್ಕೆ ಸೊನ್ನೆಯಿಂದ ನೂರರವರೆಗೆ ಗೆರೆ ಹಾಕಿದ ಕಾಗದ ಅಂಟಿಸಿ ಕೊಟ್ಟೆ. ಪೆಟ್ಟಿಗೆಯ ಪಕ್ಕದ ಹಲಗೆಯಲ್ಲಿ ಅಂಗೈಯಗಲ ಕಿಂಡಿ ಕೊರೆದು, ಅದಕ್ಕೊಂದು ಪುಟ್ಟ ಬಾಗಿಲು ಮಾಡಿದೆವು. ಬಾಗಿಲು ತೆಗೆದು ಕಡ್ಡಿ ನೋಡಿ ಮುಚ್ಚುವುದು.

ಮೊದಲು ಅವನ ಹೆಂಡತಿ ದೇವಿರಮ್ಮನ ಕೂದಲು ಕಟ್ಟಿದೆವು. ಆಕೆ ತಲೆಗೆ ಹರಳೆಣ್ಣೆ ಹಾಕುವವಳು. ಆ ಕೂದಲಿಗೆ ಮಳೆಯೂ ಒಂದೇ ಬಿಸಿಲೂ ಒಂದೇ, ಎರಡು ದಿನವಾದರೂ ಕಡ್ಡಿ ಮಿಸುಕಲಿಲ್ಲ. ಆಗ ಚಿಕ್ಕಣ್ಣ ಗೋಡೆಯ ಮೊಳೆಯಿಂದ ಒಂದು ಗಂಟು ಇಳಿಸಿ ಬಿಚ್ಚಿದ. ಒಳಗೆ ಕೆಂಚಮ್ಮನವರ ಚೌರಿ ಇತ್ತು. ಬಾಚುವಾಗ ಉದುರಿದ ತಮ್ಮದೇ ಕೂದಲನ್ನು ವರ್ಷಗಟ್ಟಲೆ ಕೂಡಿಟ್ಟು, ಸೀಗೆಕಾಯಲ್ಲಿ ತೊಳೆದು, ಜಡೆಗೆ ಸೇರಿಸಿಕೊಳ್ಳಲು ಕಟ್ಟಿಕೊಂಡಿದ್ದದ್ದು. ಅವನು ಅದರಿಂದ ಒಂದು ಎಳೆ ಎಳೆದ. ಮೊಳಕ್ಕಿಂತ ಉದ್ದವಿತ್ತು, ಅರ್ಧ ಕಪ್ಪು, ಅರ್ಧ ಬಿಳಿ.

ಅದನ್ನು ಕಟ್ಟಿ ನಾವಿಬ್ಬರೂ ಕಿಂಡಿಗೆ ಬಗ್ಗಿ ನೋಡುತ್ತಿದ್ದ ಹಾಗೇ ಕಡ್ಡಿ ಮೆಲ್ಲಗೆ, ಬಹಳ ಮೆಲ್ಲಗೆ, ತಲೆ ತಗ್ಗಿಸಿತು. ಅದು ನಮ್ಮ ಉಸಿರಿನ ತೇವಕ್ಕೆ ಎಂದು ಕೂಡಲೇ ವಿವರಿಸಿದೆ. ಚಿಕ್ಕಣ್ಣ "ಹೌದು ಕಣೋ" ಎಂದು ಹೇಳಿ ಕಿಂಡಿ ಮುಚ್ಚಿದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತೆವು.

ಮೊದಲು ನೋಡಿದವಳು ಹಾಲಿನ ಬಸಮ್ಮ. ನಮ್ಮ ಬೀದಿಗೂ ಸಾಹೇಬರ ಬಂಗಲೆಗೂ ಹಾಲು ಹಾಕುವವಳು ಅವಳೇ. ಚಿಕ್ಕಣ್ಣ ಲೋಟದಲ್ಲಿ ನೀರು ತಂದು ಪೆಟ್ಟಿಗೆಯೊಳಕ್ಕೆ ಹನಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

"ಏನಣ್ಣ ಅದು?"

"ನಮ್ಮವ್ವನ ಪೆಟ್ಟಿಗೆ."

"ಒಳಗೆ ಏನೋ ಅಲ್ಲಾಡ್ತಾ ಅದಲ್ಲ?"

"ನಮ್ಮವ್ವನ ಕೂದಲು."

"ನೀರು ಯಾಕೆ?"

"ಒಣಗಬಾರದು ಅಂತ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಾಹೇಬರ ಗುಟ್ಟು ಉಳಿಸಿಕೊಳ್ಳಲು ಅವನು ಬರೀ ನಿಜವನ್ನೇ ಹೇಳಿದ, ಅದೇ ಕೆಟ್ಟದ್ದಾಯಿತು. ಬಸಮ್ಮ ತಂಬಿಗೆ ಕೆಳಗಿಟ್ಟು ಕೈ ಮುಗಿದಳು. ಅವಳ ಎಮ್ಮೆಯೊಂದು ಹಿಂದಿನ ದಿನದಿಂದ ಕಾಣೆಯಾಗಿತ್ತು. ಕಿಂಡಿಗೆ ಬಾಯಿಟ್ಟು, ಎಮ್ಮೆಯ ಬಣ್ಣ, ಕೊಂಬು, ಅದನ್ನು ಕೊಂಡ ಸಂತೆ, ಅದರ ತಾಯಿಯ ಗುಣ, ಎಲ್ಲ ಹೇಳಿ "ಸಿಕ್ತದಾ ಕೆಂಚವ್ವ?" ಎಂದಳು. ಅಷ್ಟು ಹೊತ್ತು ಬಾಯಿಯ ಹಬೆ ಬಡಿದರೆ ಯಾವ ಕೂದಲು ತಾನೆ ಹಿಗ್ಗದೆ ಇದ್ದೀತು? ಕಡ್ಡಿ ತಲೆದೂಗಿತು. ಸಂಜೆ ಎಮ್ಮೆ ತಾನಾಗಿಯೇ ಮನೆಗೆ ಬಂತು. ಎಮ್ಮೆಗಳು ಸಾಮಾನ್ಯವಾಗಿ ಬರುತ್ತವೆ.

ಮಾರನೆಯ ದಿನದಿಂದ ಜನ ಶುರುವಾದರು. ನಾನು ಗಮನಿಸಿದ ಶಾಸ್ತ್ರ ಇಷ್ಟೇ: ಉದ್ದಕ್ಕೆ ಮಾತಾಡಿ ಕೇಳಿದವರಿಗೆ ಕೆಂಚಮ್ಮ ಹೌದೆನ್ನುತ್ತಿದ್ದರು, ಚುಟುಕಾಗಿ ಕೇಳಿದವರಿಗೆ ಸುಮ್ಮನಿರುತ್ತಿದ್ದರು. ವಾಚಾಳಿಗಳ ಹೆಣ್ಣುಮಕ್ಕಳಿಗೆಲ್ಲ ಗಂಡು ಗೊತ್ತಾಯಿತು. ಮಿತಭಾಷಿಗಳು ಅಳುತ್ತ ಮನೆಗೆ ಹೋದರು. ನಾನು ಈ ಶಾಸ್ತ್ರವನ್ನು ನನ್ನ ಹೆಂಡತಿಗೆ ಹೇಳಿದಾಗ ಅವಳು "ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ, ಅವರಿಗೆ ಕೇಳಿಸ್ತದೆ" ಎಂದು ಗೋಡೆಯ ಕಡೆ ನೋಡಿದಳು.

ಇದನ್ನೆಲ್ಲ ಬಯಲು ಮಾಡುತ್ತೇನೆಂದು ಹೊರಟವರು ನಿವೃತ್ತ ಹೆಡ್‌ಮಾಸ್ತರು ಗುರುಮಲ್ಲಪ್ಪನವರು. ಕೋಟು ತೊಟ್ಟು ಬಂದರು. ಕಿಂಡಿಯ ಮುಂದೆ ಕೂತು, ಮೌಢ್ಯದ ಮೇಲೆ, ವಿದ್ಯೆಯ ಪ್ರಸಾರದ ಮೇಲೆ, ಸ್ವತಂತ್ರ ಭಾರತದ ಪ್ರಜೆಯ ಕರ್ತವ್ಯದ ಮೇಲೆ ಐದು ನಿಮಿಷ ಮಾತಾಡಿ, ಕೊನೆಗೆ "ಆದ್ದರಿಂದ ಕೆಂಚಮ್ಮನವರೇ, ಈ ಪೆಟ್ಟಿಗೆಯಲ್ಲಿ ನೀವು ಇಲ್ಲ ಎಂಬುದು ಸತ್ಯ ತಾನೆ?" ಎಂದರು. ಕಡ್ಡಿ ತಗ್ಗಿ ಹೌದೆಂದಿತು. ಗುರುಮಲ್ಲಪ್ಪನವರು ಗೆದ್ದ ಮುಖದಲ್ಲಿ ಎದ್ದರು. ಹೊಸಿಲು ದಾಟುವಾಗ ನಿಂತು ಏನೋ ಯೋಚಿಸಿದರು. ಮನೆ ಸೇರುವ ಹೊತ್ತಿಗೆ ಜ್ವರ ಬಂದಿತ್ತು. ಇಲ್ಲದವರು ತಾವಿಲ್ಲವೆಂದು ಹೇಳಿದ್ದು ಹೇಗೆಂದು ಮೂರು ದಿನ ಕನವರಿಸಿದರಂತೆ.

ಸುದ್ದಿ ಹುಣಸೂರು ಮುಟ್ಟಿತು. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಕೆಂಚಮ್ಮನವರ ತಂಗಿ ಶಿವನಂಜಮ್ಮ ಬಸ್ಸಿಳಿದು ಬಂದರು. ಚಿಕ್ಕಣ್ಣನಿಗೆ ಚಿಕ್ಕವ್ವ. ಬಂದವರೇ ಪೆಟ್ಟಿಗೆಯ ಹತ್ತಿರ ಕೂತು ಕಿಂಡಿ ತೆಗೆದರು. ಒಳಗಿಂದ ಸಿಗಾರಿನ ವಾಸನೆ ಬಂತು. ಮೂರು ತಿಂಗಳ ಮಾಗಿದ, ತಂಪಾದ, ಸಿಹಿಯಾದ ಹೊಗೆಸೊಪ್ಪಿನ ವಾಸನೆ. ಶಿವನಂಜಮ್ಮನ ಮುಖ ಬಿಳಿಚಿಕೊಂಡಿತು.

"ಅಕ್ಕನ ಬಾಯಿ ವಾಸನೆ ಕಣೋ ಇದು" ಎಂದರು.

ಚಿಕ್ಕಣ್ಣ ಕಿಂಡಿ ಮುಚ್ಚಲು ಕೈ ಚಾಚಿದ, ಅವರು ತಡೆದರು.

"ಯಾಕೆ ಬಂದವಳೆ ಅಂತ ನಂಗೊತ್ತು. ಸಾಯೋ ದಿನ ಬೆಳಗ್ಗೆಯಿಂದ ಒಂದು ಚೂರು ಹೊಗೆಸೊಪ್ಪು ಕೊಡೋ ಮಗ ಅಂತ ಬೇಡ್ಕಂಡ್ಳು. ಡಾಕ್ಟ್ರು ಬ್ಯಾಡ ಅಂದವ್ರೆ ಅಂತ ನೀನು ಕೊಡ್ನಿಲ್ಲ. ಮಧ್ಯಾಹ್ನ ಬಾಯಿ ಒಣಗ್ಸ್ಕಂಡೇ ಹೋದ್ಳು. ನಾನು ನಿನ್ನ ಬೈತಿಲ್ಲ ಕಣಪ್ಪ. ಅವಳ್ನ ಕೇಳಾನ." ಕಿಂಡಿಗೆ ಬಾಯಿಟ್ಟು, ಇಬ್ಬರೂ ಚಿಕ್ಕವರಾಗಿದ್ದಾಗಿನಿಂದ ಹಿಡಿದು ಅರ್ಧ ಗಂಟೆ ಮಾತಾಡಿ, ಅತ್ತು, ಕಡೆಗೆ "ಅಕ್ಕಾ, ಹೊಗೆಸೊಪ್ಪು ಬೇಕೇನವ್ವ?" ಎಂದರು. ಕಡ್ಡಿ ತೊಂಬತ್ತಕ್ಕೆ ಇಳಿದಿತ್ತು. ಅಷ್ಟೊಂದು ಕಣ್ಣೀರಿಗೆ ನನ್ನ ಶಾಸ್ತ್ರದ ಪ್ರಕಾರ ಅದು ಹೆಚ್ಚೇನಲ್ಲ. ಆದರೆ ಚಿಕ್ಕಣ್ಣನ ಮುಖ ನೋಡಿ ನಾನು ಶಾಸ್ತ್ರ ಎತ್ತಲಿಲ್ಲ.

ಅಮಾವಾಸ್ಯೆಯ ದಿನ ಅವನು ದೇವರಾಜ ಮಾರುಕಟ್ಟೆಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಹೊಗೆಸೊಪ್ಪಿನ ಕಟ್ಟು ತಂದ. ಸಂಜೆ ಪೆಟ್ಟಿಗೆಯ ಮುಂದೆ ಎಡೆ ಇಟ್ಟರು. ಬಾಳೆಯೆಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಕಡುಬು, ಪಕ್ಕದಲ್ಲಿ ಹೊಸ ಸೀರೆ, ಎಲೆ ಅಡಿಕೆ, ಅದರ ಮೇಲೆ ಹೊಗೆಸೊಪ್ಪು. ಹಿರಿಯರು ಬಂದು ಉಣ್ಣಲಿ ಎಂದು ದೀಪ ಉರಿಸಿ, ಕಿಂಡಿ ತೆರೆದಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಬೀದಿಯ ಮುಕ್ಕಾಲು ಜನ ಅಲ್ಲಿದ್ದರು. ಮೋಡ ಕವಿದು ಗಾಳಿಯೇ ಇರಲಿಲ್ಲ. ಒಳಗೆ ಏನೋ ಸಣ್ಣದಾಗಿ 'ತಪ್' ಎಂದಿತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ನಾನೂ ಅವಳ ತೋಳನ್ನು ಮೊದಲೇ ಹಿಡಿದಿದ್ದೆ.

ಬಾಗಿಲು ತೆಗೆದಾಗ ಕಡ್ಡಿ ಪೂರ್ತಿ ಮೇಲೆದ್ದು ಸೊನ್ನೆಯಲ್ಲಿ ನಿಂತಿತ್ತು. ಮೂರು ತಿಂಗಳಲ್ಲಿ ಒಂದು ದಿನವೂ ಅದು ಅಲ್ಲಿಗೆ ಹೋಗಿರಲಿಲ್ಲ. ಹೊಗೆಸೊಪ್ಪಿನ ಕಟ್ಟು ಎಡೆಯಿಂದಾಚೆ ನೆಲದ ಮೇಲೆ ಬಿದ್ದಿತ್ತು. ದೀಪ ಕಿಂಡಿಗೆ ಹತ್ತಿರವಾಗಿ ಆ ಕಾವಿಗೆ ಕೂದಲು ಒಣಗಿದೆ, ಕಟ್ಟನ್ನು ಇಲಿ ಎಳೆದಿದೆ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ನನ್ನ ದನಿಯೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಇಲಿಯಾದದ್ದು ಕೋಳಿಸಾರನ್ನು ಬಿಟ್ಟು ಹೊಗೆಸೊಪ್ಪು ಯಾಕೆ ಎಳೆಯಿತು ಎಂಬುದು ನನಗೆ ಆಮೇಲೆ ಹೊಳೆಯಿತು.

"ಪ್ಯಾಟೆ ಸೊಪ್ಪು ಅವಳಿಗೆ ಬ್ಯಾಡ" ಎಂದರು ಶಿವನಂಜಮ್ಮ. "ಪೆಟ್ಟಿಗೆ ಒಳಗೆ ಮಗ ಏನೋ ಬಚ್ಚಿಟ್ಟವನೆ. ಅದು ಬೇಕು ಅವಳಿಗೆ."

ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಜೀಪು ನಿಂತಿತು. ಸದಾಶಿವಯ್ಯನವರು ಇಳಿದರು. ಅಂದು ಬೆಳಗ್ಗೆ ಪೂನಾದಿಂದ ಬಂದವರು ಸಿಗಾರಿಗೆ ಒಬ್ಬರೇ ಬರಬೇಕೆಂದಿದ್ದರು. ಆದರೆ ಬಸಮ್ಮನ ಬಾಯಲ್ಲಿ ಪೆಟ್ಟಿಗೆಯ ಮಹಿಮೆ ಕೇಳಿದ್ದ ಅವರ ಪತ್ನಿ ದಾಕ್ಷಾಯಣಮ್ಮನವರು, ಕೆಸರೆಗೆ ಎಂದ ಕೂಡಲೇ ತಾವೂ ಹತ್ತಿ ಕೂತುಬಿಟ್ಟಿದ್ದರು. ಜನ ದಾರಿ ಬಿಟ್ಟರು. ಸಾಹೇಬರು ಕೋಳಿಸಾರಿನ ಎಲೆಯಿಂದ ಮಾರು ದೂರ ನಿಂತು ಪೆಟ್ಟಿಗೆಯನ್ನೂ ಜನವನ್ನೂ ನೋಡಿದರು. ಯಾರಿಗೂ ತಿಳಿಯಬಾರದು ಎಂದಿದ್ದ ವಸ್ತುವಿನ ಮುಂದೆ ಊದುಬತ್ತಿ ಉರಿಯುತ್ತಿತ್ತು.

"ನಾನೊಂದು ಕೇಳಬೇಕು" ಎಂದರು ದಾಕ್ಷಾಯಣಮ್ಮ. ಸೆರಗಿನಿಂದ ಮೂಗು ಮುಚ್ಚಿ ಎಡೆಯನ್ನು ಬಳಸಿಕೊಂಡು ಹೋಗಿ ಕಿಂಡಿಗೆ ಬಗ್ಗಿದರು. ಮಾತು ಕಡಿಮೆಯ ಹೆಂಗಸು. ಒಂದೇ ಮಾತು ಕೇಳಿದರು.

"ಬಿಟ್ಟರಾ?"

ಏನನ್ನು ಬಿಡುವುದೆಂದು ಗೊತ್ತಿದ್ದವರು ಅಲ್ಲಿ ನಾಲ್ಕೇ ಜನ. ಕಡ್ಡಿ ಸೊನ್ನೆಯಲ್ಲೇ ನಿಂತಿತ್ತು. ದಾಕ್ಷಾಯಣಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಸಾಹೇಬರ ಹಣೆಯ ಮೇಲಿನ ವಿಭೂತಿ ಬೆವರಿಗೆ ಹರಿಯತೊಡಗಿತು.

ಶಿವನಂಜಮ್ಮ ಕೈಯಾಡಿಸಿದರು. "ಅವಳೀಗ ಏನೂ ಯೋಳಕ್ಕಿಲ್ಲ ಕಣ್ರವ್ವ. ಬಾಯಿ ಒಣಗೋಗದೆ ಅವಳ್ದು. ಚಿಕ್ಕಣ್ಣ, ಮುಚ್ಚಳ ತೆಗಿ."

ಚಿಕ್ಕಣ್ಣ ಸಾಹೇಬರನ್ನು ನೋಡಿದ. ಸಾಹೇಬರು ಯಾರಿಗೂ ಕಾಣದಂತೆ ತಲೆಯಾಡಿಸಿ ಬೇಡವೆಂದರು. ಆಮೇಲೆ ಕೋಟಿನ ಜೇಬಿಂದ ಮಡಿಸಿದ ಕಾಗದವೊಂದನ್ನು ಅರ್ಧ ಎಳೆದು ತೋರಿಸಿ ಮತ್ತೆ ಒಳಗೆ ತಳ್ಳಿದರು. ಟೈಪು ಮಾಡಿದ ಕಾಗದ. ಅದನ್ನು ಏಳು ವರ್ಷದಿಂದ ಅವನು ಕನಸಿನಲ್ಲಿ ಓದುತ್ತಿದ್ದ. ಮುಚ್ಚಳ ತೆಗೆದರೆ ಸಾಹೇಬರ ಮಾನ ಹೋಗುತ್ತದೆ, ಅದರ ಹಿಂದೆಯೇ ಆ ಕಾಗದವೂ ಹೋಗುತ್ತದೆ. ತೆಗೆಯದಿದ್ದರೆ ತಾಯಿಗೆ ಎರಡನೆಯ ಸಲ ಇಲ್ಲವೆಂದ ಹಾಗಾಗುತ್ತದೆ. ಅದು ಕೂದಲು, ಪೊರಕೆ ಕಡ್ಡಿ, ಕುಡಿಕೆ ಎಂದು ಬೀದಿಯಲ್ಲಿ ನನ್ನಷ್ಟೇ ಚೆನ್ನಾಗಿ ತಿಳಿದಿದ್ದವನು ಅವನೊಬ್ಬನೇ. ಅಷ್ಟು ಜನ ಕೇಳಿದರೂ ಅವನು ಮಾತ್ರ ಒಂದು ದಿನವೂ ಆ ಕಿಂಡಿಗೆ ಏನನ್ನೂ ಕೇಳಿರಲಿಲ್ಲ.

ಅವನು ಮೊಣಕಾಲೂರಿ ಬಗ್ಗಿದ.

"ಅವ್ವ" ಎಂದ. ಅಷ್ಟೇ.

ಎರಡಕ್ಷರ. ನನ್ನ ಶಾಸ್ತ್ರದ ಪ್ರಕಾರ ಅದಕ್ಕೆ ಒಂದು ಗೆರೆಯೂ ಇಳಿಯಬಾರದು. ಕಡ್ಡಿ ಸೊನ್ನೆಯಿಂದ ಇಳಿಯತೊಡಗಿತು. ಇಪ್ಪತ್ತು, ನಲವತ್ತು, ಎಪ್ಪತ್ತು. ಎಪ್ಪತ್ತರಲ್ಲಿ ನಿಲ್ಲುತ್ತದೆಂದುಕೊಂಡೆ. ನಿಲ್ಲಲಿಲ್ಲ, ನೂರಕ್ಕೆ ಹೋಗಿ ಹಲಗೆಗೆ ತಾಗಿ 'ತಪ್' ಎಂದಿತು. ನಾವು ಜಗಲಿಯಲ್ಲಿದ್ದಾಗ ಒಳಗಿಂದ ಕೇಳಿಸಿದ್ದ ಸದ್ದೇ ಅದು.

ಚಿಕ್ಕಣ್ಣ ಎದ್ದು ಮುಚ್ಚಳ ತೆಗೆದ. ಒಂದು ಸಿಗಾರು ಎತ್ತಿ, ಉಂಗುರ ಕಳಚಿ, ಎರಡು ಕೈಯಿಂದ ಮುರಿದು ಎಡೆಯ ಎಲೆ ಅಡಿಕೆಯ ಮೇಲಿಟ್ಟು, "ತಗೋ ಅವ್ವ. ನಿನಗಿಂತ ಡಾಕ್ಟ್ರು ಹೆಚ್ಚಾಗ್ಬುಟ್ರು ನನಗೆ" ಎಂದು ಗೊಳೋ ಎಂದು ಅತ್ತ. ನಾವೂ ಅತ್ತೆವು. ನಾನು ಅಳುವವನಲ್ಲ, ಊದುಬತ್ತಿಯ ಹೊಗೆಯೂ ಇತ್ತು.

ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ದಾಕ್ಷಾಯಣಮ್ಮ ಸೆರಗು ತೆಗೆದು ಮೂಸಿದರು. "ಈ ವಾಸನೆ ನನಗೆ ಗೊತ್ತು" ಎಂದರು.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಆ ಗಳಿಗೆಯಲ್ಲಿ ಅವರಿಗೆ ಹೊಳೆದ ಬುದ್ಧಿ ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ಒಂದು ಕಡತದ ಮೇಲೂ ಕಂಡದ್ದಲ್ಲ. "ಗೊತ್ತಿಲ್ಲದೆ ಏನು? ಹುಣಸೂರು ಸೊಪ್ಪು. ಇವರ ತಾಯಿಯವರದು. ಮಗ ಹಿರಿಯರಿಗೆ ಅಂತ ಕಾಪಾಡಿಕೊಂಡು ಬಂದಿದ್ದಾರೆ. ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಅಂಗಾರೆ ಎಲ್ಲಾ ಅಕ್ಕಂದೇ" ಎಂದು ಶಿವನಂಜಮ್ಮ ಪೆಟ್ಟಿಗೆಗೆ ಕೈ ಹಾಕಿದರು. ಉಳಿದ ಇಪ್ಪತ್ತಮೂರೂ ಎಡೆಗೆ ಬಂದವು. ಎಡೆಯ ಮೇಲಿಟ್ಟದ್ದನ್ನು ಆಮೇಲೆ ಹಂಚಲೇಬೇಕು. ಬೀದಿಯ ಮುದುಕಿಯರೆಲ್ಲ ಸಾಲಾಗಿ ಕೂತು, ಸಿಗಾರು ಚೂರು ಮಾಡಿ, ವೀಳ್ಯದೆಲೆಗೆ ಸುಣ್ಣ ಸವರಿ, ಮಡಿಸಿ ದವಡೆಗೆ ಇಟ್ಟುಕೊಂಡು ಜಗಿದರು. "ಇಂಥ ಸೊಪ್ಪು ಜಲ್ಮದಲ್ಲೇ ಕಂಡಿರ್ನಿಲ್ಲ" ಎಂದು ಒಬ್ಬರು ಅಂಗಳಕ್ಕೆ ಉಗಿದರು. ಬಸಮ್ಮ ಚಿನ್ನದ ಕಾಗದದ ಉಂಗುರಗಳನ್ನು ಹೆಕ್ಕಿ ಹತ್ತು ಬೆರಳಿಗೂ ಹಾಕಿಕೊಂಡಳು. ಸದಾಶಿವಯ್ಯನವರು ಗೋಡೆಗೆ ಒರಗಿ ಒಂದೊಂದು ಉಗುಳನ್ನೂ ಕಣ್ಣಿನಲ್ಲೇ ಹಿಂಬಾಲಿಸಿದರು. ಅಂಥ ದುಃಖವನ್ನು ನಾನು ಸಾವಿನ ಮನೆಯಲ್ಲೂ ನೋಡಿಲ್ಲ.

ದಾಕ್ಷಾಯಣಮ್ಮ ಇನ್ನೊಮ್ಮೆ ಕಿಂಡಿಯಲ್ಲಿ ನೋಡಿದರು. ಕಡ್ಡಿ ನೂರರಲ್ಲೇ ತಲೆಬಾಗಿತ್ತು. "ಈಗ ಹೌದು ಅಂತಿದ್ದಾರೆ. ಬಿಟ್ಟಿದ್ದೀರಿ" ಎಂದರು ಗಂಡನಿಗೆ, ಮೊದಲ ಸಲ ನಕ್ಕು. ಕೆಂಚಮ್ಮ ಹೇಳಿದ್ದು ನಿಜವೂ ಆಗಿತ್ತು, ಸೇದಲು ಇನ್ನೇನೂ ಉಳಿದಿರಲಿಲ್ಲ. ಆಮೇಲೆ ಆಕೆ ಚಿಕ್ಕಣ್ಣನ ಕಡೆ ನೋಡಿ, "ಹೆತ್ತ ತಾಯಿಯನ್ನ ಇಷ್ಟು ಕಾಪಾಡೋರು ನಿಮ್ಮ ಆಫೀಸಲ್ಲಿ ಏನಾಗಿದ್ದಾರೆ?" ಎಂದು ಗಂಡನನ್ನು ಕೇಳಿದರು.

"ಟೆಂಪೊರರಿ" ಎಂದೆ ನಾನು, ಸಾಹೇಬರು ಬಾಯಿ ತೆಗೆಯುವ ಮುಂಚೆ.

ದಾಕ್ಷಾಯಣಮ್ಮ ಗಂಡನ ಜೇಬನ್ನು ನೋಡಿದರು ಅಷ್ಟೆ. ಸಾಹೇಬರು ಕೆಂಚಮ್ಮನವರ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು.

ಹಬ್ಬ ಕಳೆದು ದಸರೆಯೂ ಮುಗಿದು ಒಣಗಾಳಿ ಶುರುವಾಯಿತು. ನಮ್ಮೆಲ್ಲರ ತುಟಿ ಒಡೆದವು. ಕಡ್ಡಿ ಮಾತ್ರ ನೂರರಿಂದ ಏಳಲಿಲ್ಲ. ಕೂದಲು ಹರಿದಿರಬೇಕು ಎಂದು ಚಿಕ್ಕಣ್ಣನ ಮನೆಗೆ ಹೋಗಿ ಕಿಂಡಿಯಲ್ಲಿ ನೋಡಿದೆ. ಹರಿದಿರಲಿಲ್ಲ, ಅರ್ಧ ಕಪ್ಪು ಅರ್ಧ ಬಿಳಿಯಾಗಿ ನೆಟ್ಟಗೆ ಇತ್ತು. ಅಷ್ಟರಲ್ಲಿ ಚಿಕ್ಕಣ್ಣ ಒಳಗಿಂದ ಲೋಟದಲ್ಲಿ ನೀರು ತಂದು ಮುಚ್ಚಳ ತೆಗೆದು ಕುಡಿಕೆಗೆ ಹನಿಸತೊಡಗಿದ.

"ಒಳಗೆ ಒಂದು ಸಿಗಾರೂ ಇಲ್ವಲ್ಲೋ" ಎಂದೆ. "ಇನ್ನೂ ಯಾಕೆ ನೀರು?"

ಅವನು ಲೋಟ ಬರಿದಾಗುವವರೆಗೂ ತಲೆಯೆತ್ತಲಿಲ್ಲ.

"ಬಾಯಿ ಒಣಗಬಾರದು ಕಣೋ" ಎಂದ.